ಬಾಲ್ಯದ ಆಘಾತದ ನೆನಪು

ಬಾಲ್ಯದ ಆಘಾತದ ನೆನಪು: ಎಳವೆಯಲ್ಲಿ ಅನುಭವಿಸಿದ ಹಿಂಸೆ, ಲೈಂಗಿಕ ದೌರ್ಜನ್ಯ, ಅಪಹರಣ, ಅವಘಡಗಳನ್ನು ವಯಸ್ಕರು ಉಳಿಸಿಕೊಳ್ಳುವ, ಮರೆಯುವ ಮತ್ತು ಮರಳಿ ನೆನೆಯುವ ಬಗೆ.

ಸುಮಾರು ಮೂರು ವರ್ಷಕ್ಕೆ ಮುಂಚಿನ ಘಟನೆಗಳು ದೊಡ್ಡವರಾದ ಮೇಲೆ ಸಾಮಾನ್ಯವಾಗಿ ನೆನಪಿರುವುದಿಲ್ಲ. ಇದು ಶೈಶವ ವಿಸ್ಮೃತಿ. ಆನಂತರದ ತೀವ್ರ ಅನುಭವಗಳು ಬಹುಮಟ್ಟಿಗೆ ಉಳಿಯುತ್ತವೆ. 1976ರ ಜುಲೈನಲ್ಲಿ ಕ್ಯಾಲಿಫೋರ್ನಿಯಾದ ಚೌಚಿಲ್ಲಾದಲ್ಲಿ ಶಾಲಾ ಬಸ್ಸಿನಲ್ಲಿದ್ದ 26 ಮಕ್ಕಳನ್ನು ಅಪಹರಿಸಿ, ಕಲ್ಲುಕ್ವಾರಿಯಲ್ಲಿ ಹೂತಿಟ್ಟಿದ್ದ ಲಾರಿಯೊಳಗೆ ಕೂಡಿಹಾಕಲಾಯಿತು. ಹಾಸಿಗೆಗಳನ್ನು ಪೇರಿಸಿ, ಮೇಲಿನ ಮುಚ್ಚಳ ಸರಿಸಿ ಎಲ್ಲರೂ ಪಾರಾದರು. ನಾಲ್ಕೈದು ವರ್ಷಗಳ ಬಳಿಕ ಮನೋವೈದ್ಯೆ ಲೆನೋರ್ ಟೆರ್ ಮಾತಾಡಿಸಿದಾಗಲೂ ಮಕ್ಕಳು ಅದನ್ನು ವಿವರವಾಗಿ ಹೇಳಿದರು. ಆದರೆ ಕೆಲವರಲ್ಲಿ ಘಟನೆಗಳ ಕ್ರಮ ಹಿಂದುಮುಂದಾಗಿ, ಮೊದಲೇ ಅಪಶಕುನ ಕಂಡಿತ್ತೆಂಬ ನಂಬಿಕೆ ಬೆಳೆದಿತ್ತು.

ಲಿಂಡಾ ವಿಲಿಯಮ್ಸ್ ಅವರ 1994ರ ಅಧ್ಯಯನದಲ್ಲಿ, ಬಾಲ್ಯದ ಲೈಂಗಿಕ ದೌರ್ಜನ್ಯ ದಾಖಲಾಗಿದ್ದ 129 ಮಹಿಳೆಯರ ಪೈಕಿ ಶೇ. 38ರಷ್ಟು ಮಂದಿ ಸುಮಾರು 17 ವರ್ಷಗಳ ನಂತರ ಅದನ್ನು ಹೇಳಲಿಲ್ಲ. ಗೇಲ್ ಗುಡ್‌ಮನ್ ತಂಡದ 2003ರ ಅಧ್ಯಯನದಲ್ಲಿ 175 ಜನರಲ್ಲಿ ಶೇ. 80ಕ್ಕೂ ಹೆಚ್ಚು ಮಂದಿ ಹೇಳಿದರು. ಹೇಳದಿರುವುದೆಲ್ಲ ಮರೆವಲ್ಲ, ನಾಚಿಕೆ, ಭಯಗಳೂ ಬಾಯಿ ಕಟ್ಟುತ್ತವೆ.

ಇಲ್ಲದ ನೆನಪೂ ಹುಟ್ಟಬಲ್ಲದು. ಎಲಿಜಬೆತ್ ಲಾಫ್ಟಸ್ ಅವರ 1995ರ ಪ್ರಯೋಗದಲ್ಲಿ, ಚಿಕ್ಕಂದಿನಲ್ಲಿ ಮಳಿಗೆಯಲ್ಲಿ ಕಳೆದುಹೋಗಿದ್ದಿರೆಂಬ ಕಟ್ಟುಕಥೆಯನ್ನು 24 ಜನರಲ್ಲಿ ಕಾಲುಭಾಗದಷ್ಟು ಮಂದಿ ಪೂರ್ತಿಯಾಗಿಯೋ ಭಾಗಶಃವೋ ನಂಬಿದರು. ಆದ್ದರಿಂದ ಕೇಳುವವರು ಉತ್ತರವನ್ನು ಬಾಯಿಗೆ ತುರುಕಬಾರದು. ವಿವರ ಏರುಪೇರಾಯಿತೆಂದು ನೊಂದವರನ್ನು ಸುಳ್ಳರೆನ್ನಲೂ ಬಾರದು.