ಮುಕ್ಕಾಲು ಪೌಂಡಿನ ಮೊಕದ್ದಮೆ

‘ಹಿರಿಯ ನಾಗರಿಕರಿಗೆ ರಿಯಾಯಿತಿ’ ಅನ್ನೋ ಬೋರ್ಡು ಕಂಡಾಗಲೆಲ್ಲ ನನಗೆ ಇಂಗ್ಲೆಂಡಿನ ಒಂದು ಈಜುಕೊಳದ ಕೇಸು ನೆನಪಾಗುತ್ತೆ. ಜಗಳ ಶುರುವಾಗಿದ್ದು 75 ಪೆನ್ಸಿಗೆ, ಅಂದ್ರೆ ಮುಕ್ಕಾಲು ಪೌಂಡಿಗೆ. ಮುಗಿದಿದ್ದು ಆ ದೇಶದ ಅತಿ ದೊಡ್ಡ ನ್ಯಾಯಪೀಠದಲ್ಲಿ.

ದಕ್ಷಿಣ ಇಂಗ್ಲೆಂಡಿನಲ್ಲಿ ಈಸ್ಟ್‌ಲೀ ಅಂತ ಒಂದು ರೈಲ್ವೆ ಊರಿದೆ. 1985ರ ನವೆಂಬರಿನಲ್ಲಿ ಅಲ್ಲಿನ ಕೌನ್ಸಿಲ್ಲಿನ ಈಜುಕೊಳಕ್ಕೆ ಜೇಮ್ಸ್ ದಂಪತಿ ಹೋದರು. ಇಬ್ಬರಿಗೂ 61 ವರ್ಷ. ಹೆಂಡತಿಯನ್ನು ಪುಕ್ಕಟೆ ಒಳಗೆ ಬಿಟ್ಟರು. ಗಂಡನ ಹತ್ತಿರ 75 ಪೆನ್ಸ್ ವಸೂಲಿ ಮಾಡಿದರು. ಕಾರಣ ಸರಳ. ಸರ್ಕಾರಿ ಪಿಂಚಣಿಯ ವಯಸ್ಸು ತಲುಪಿದವರಿಗೆ ಈಜು ಉಚಿತ ಅಂತ ಕೌನ್ಸಿಲ್ಲಿನ ನಿಯಮ. ಆ ವಯಸ್ಸು ಹೆಂಗಸರಿಗೆ 60, ಗಂಡಸರಿಗೆ 65.

ಬೇರೆ ಯಾರಾದರೂ ಆಗಿದ್ದರೆ ‘ಹೋಗಲಿ ಬಿಡು’ ಅಂತ ಚಿಲ್ಲರೆ ಎಣಿಸಿ ಕೊಟ್ಟು ಸುಮ್ಮನಾಗ್ತಿದ್ದರು. ಜೇಮ್ಸ್ ಕೋರ್ಟಿಗೆ ಹೋದರು.

ಇಲ್ಲಿ ಒಂದು ಪ್ರಶ್ನೆ ಕೇಳಬೇಕು. ಈ 60, ಈ 65 ಎಲ್ಲಿಂದ ಬಂದವು? ಈಜುಕೊಳಕ್ಕೂ ಅದಕ್ಕೂ ಏನು ಸಂಬಂಧ?

ಮೊದಲು ಕೊಳದ ಕಥೆ. ಇಂಗ್ಲೆಂಡಿನಲ್ಲಿ ಸಾರ್ವಜನಿಕರ ತೆರಿಗೆ ಹಣದಿಂದ ಸ್ನಾನದ ಮನೆ ಕಟ್ಟಬಹುದು ಅಂತ ಕಾಯ್ದೆ ಬಂದಿದ್ದು 1846ರಲ್ಲಿ. ಕಾಲರಾ, ಟೈಫಸ್ ಕಾಲ ಅದು. ಬಡವರ ಮನೆಗಳಲ್ಲಿ ಸ್ನಾನಕ್ಕೆ ಜಾಗವೂ ಇಲ್ಲ, ನೀರೂ ಇಲ್ಲ. ಕೆಳದರ್ಜೆಯಲ್ಲಿ ತಣ್ಣೀರಿನ ಸ್ನಾನಕ್ಕೆ ಒಂದು ಪೆನ್ನಿ, ಬಿಸಿನೀರಿಗೆ ಎರಡು, ಅದಕ್ಕಿಂತ ಹೆಚ್ಚು ಕೀಳುವಂತಿಲ್ಲ ಅಂತ ಕಾಯ್ದೆಯೇ ಹೇಳಿತು. ದುಡಿಯುವ ವರ್ಗದವರ ಸ್ನಾನದ ತೊಟ್ಟಿಗಳು ಮೇಲ್ದರ್ಜೆಯವಕ್ಕಿಂತ ಕನಿಷ್ಠ ಎರಡು ಪಟ್ಟು ಇರಬೇಕು ಅಂತಲೂ ಹೇಳಿತು. 1878ರ ತಿದ್ದುಪಡಿ ಬಂದ ಮೇಲೆ ಸೂರು ಹೊದಿಸಿದ ಈಜುಕೊಳಗಳೂ ಎದ್ದವು. ಒಟ್ಟಿನಲ್ಲಿ ಊರಿನ ಕೊಳ ಅನ್ನೋದು ಹುಟ್ಟಿದ್ದೇ ‘ಯಾರನ್ನು ಎಷ್ಟಕ್ಕೆ ಒಳಗೆ ಬಿಡೋದು’ ಅನ್ನೋ ಲೆಕ್ಕದ ಜೊತೆಗೆ.

ಇನ್ನು ವಯಸ್ಸಿನ ಕಥೆ. 1908ರ ಕಾಯ್ದೆಯಲ್ಲಿ ಮುದುಕರ ಪಿಂಚಣಿ ಶುರುವಾದಾಗ ಗಂಡು ಹೆಣ್ಣು ಇಬ್ಬರಿಗೂ 70 ವರ್ಷ. 1925ರ ಕಾಯ್ದೆಯಲ್ಲಿ ಇಬ್ಬರಿಗೂ 65. ಹೆಂಗಸರಿಗೆ 60 ಅಂತ ಬೇರೆ ಮಾಡಿದ್ದು 1940ರಲ್ಲಿ, ಯುದ್ಧದ ನಡುವೆ. ಹೆಂಡತಿ ಸಾಮಾನ್ಯವಾಗಿ ಗಂಡನಿಗಿಂತ ಚಿಕ್ಕವಳು, ಗಂಡನಿಗೆ 65 ತುಂಬಿದರೂ ಅವಳ ಪಿಂಚಣಿಗೆ ಕಾಯಬೇಕು, ಅಲ್ಲಿವರೆಗೆ ಇಬ್ಬರೂ ಒಂದೇ ಪಿಂಚಣಿಯಲ್ಲಿ ಹೊಟ್ಟೆ ಹೊರೆಯಬೇಕು ಅನ್ನೋದು ಒಂದು ಕಾರಣ. ಇನ್ನೊಂದು ಕಡೆ ಬ್ರಾಡ್‌ಫರ್ಡಿನ ಫ್ಲಾರೆನ್ಸ್ ವೈಟ್ 1935ರಲ್ಲಿ ಮದುವೆಯಾಗದ ಹೆಂಗಸರ ಸಂಘ ಕಟ್ಟಿ, ನಮಗೆ 55ಕ್ಕೇ ಪಿಂಚಣಿ ಕೊಡಿ ಅಂತ ಹೋರಾಟ ನಡೆಸಿದ್ದರು. ಕೇಳಿದ್ದು 55, ಸಿಕ್ಕಿದ್ದು 60.

ಹೀಗೆ ಬೇರೆ ಯಾವುದೋ ಕಾಲದಲ್ಲಿ, ಬೇರೆ ಯಾವುದೋ ಕಷ್ಟಕ್ಕೆ ಗೊತ್ತು ಮಾಡಿದ ಸಂಖ್ಯೆಯನ್ನು 45 ವರ್ಷದ ಮೇಲೆ ಒಂದು ಕೌನ್ಸಿಲ್ಲು ಎತ್ತಿಕೊಂಡು ಬಂದು ಈಜುಕೊಳದ ಗೇಟಿಗೆ ತೂಗುಹಾಕಿತು. ಕೆಟ್ಟ ಮನಸ್ಸಿನಿಂದ ಅಲ್ಲ. ವರಮಾನ ಕಡಿಮೆ ಇರೋರಿಗೆ ಅನುಕೂಲ ಆಗಲಿ ಅಂತಲೇ. ಆದರೆ ಫಲ ನೋಡಿ. 61ರ ಹೆಂಗಸು ಇನ್ನೂ ಕೆಲಸದಲ್ಲಿದ್ದು ಸಂಬಳ ಎಣಿಸುತ್ತಿದ್ದರೂ ಅವಳಿಗೆ ಪುಕ್ಕಟೆ. ಅದೇ ವಯಸ್ಸಿನ ಗಂಡಸು ಕೆಲಸ ಕಳಕೊಂಡು ಮನೇಲಿ ಕೂತಿದ್ದರೂ ಅವನು ಕಾಸು ಕೊಡಬೇಕು.

ಕೆಳಗಿನ ಎರಡು ಕೋರ್ಟುಗಳಲ್ಲಿ ಜೇಮ್ಸ್ ಸೋತರು. ಮೇಲ್ಮನವಿ ನ್ಯಾಯಾಲಯದ ವಾದ ಹೀಗಿತ್ತು: ಕೌನ್ಸಿಲ್ಲಿನ ಉದ್ದೇಶ ಬಡವರಿಗೆ ನೆರವಾಗೋದು, ಗಂಡಸು ಅನ್ನೋ ಕಾರಣಕ್ಕೆ ಅವರನ್ನು ಬೇರೆ ಮಾಡಿಲ್ಲ. ಕೇಸು ಹೌಸ್ ಆಫ್ ಲಾರ್ಡ್ಸಿಗೆ ಹೋಯಿತು. ಆಗ ಅದೇ ಅತ್ಯುನ್ನತ ನ್ಯಾಯಪೀಠ. 1990ರ ಜೂನಿನಲ್ಲಿ ಐವರಲ್ಲಿ ಮೂವರು ಜೇಮ್ಸ್ ಪರ ತೀರ್ಪು ಕೊಟ್ಟರು. ಅವರು ಕೇಳಿಕೊಂಡ ಪ್ರಶ್ನೆ ಬಲು ಸರಳ: ಈತ ಹೆಂಗಸಾಗಿದ್ದರೆ ದುಡ್ಡು ಕೊಡಬೇಕಿತ್ತಾ? ಇಲ್ಲ. ಹಾಗಿದ್ದ ಮೇಲೆ 1975ರ ಲಿಂಗ ತಾರತಮ್ಯ ಕಾಯ್ದೆಯ ಪ್ರಕಾರ ಇದು ತಾರತಮ್ಯವೇ. ಉದ್ದೇಶ ಒಳ್ಳೆಯದು ಅನ್ನೋದು ಉತ್ತರವಾಗಲ್ಲ. ಇವತ್ತಿಗೂ ಇಂಗ್ಲೆಂಡಿನ ಕಾನೂನು ವಿದ್ಯಾರ್ಥಿಗಳು ಈ ಕೇಸು ಓದುತ್ತಾರೆ.

ನನಗೆ ಈ ತೀರ್ಪಿಗಿಂತ ಅದು ಹೇಳದೆ ಬಿಟ್ಟ ಮಾತು ಮುಖ್ಯ ಅನ್ನಿಸುತ್ತೆ. ಇಬ್ಬರನ್ನೂ ಒಂದೇ ರೀತಿ ನೋಡಿ ಅಂತ ತೀರ್ಪು ಹೇಳಿತು. ಗಂಡನಿಗೂ ಪುಕ್ಕಟೆ ಕೊಡಿ ಅನ್ನಲಿಲ್ಲ. ಹೆಂಡತಿಯಿಂದಲೂ 75 ಪೆನ್ಸ್ ಕಿತ್ತುಕೊಂಡರೂ ಸಮಾನತೆಯೇ! ಮುಂದೆ ಎರಡೂ ದಾರಿಗಳನ್ನು ಆ ದೇಶ ಕಂಡಿತು. ಬಸ್ಸಿನ ರಿಯಾಯಿತಿಗೆ 2002ರ ಕಾಯ್ದೆ ಗಂಡಸರ ವಯಸ್ಸನ್ನೂ 60ಕ್ಕೆ ಇಳಿಸಿತು. ಪಿಂಚಣಿಯಲ್ಲಿ ಮಾತ್ರ ಹೆಂಗಸರ ವಯಸ್ಸನ್ನು ಮೆಲ್ಲಗೆ ಏರಿಸಿ 2018ರಲ್ಲಿ ಗಂಡಸರ 65ಕ್ಕೆ ಸೇರಿಸಿದರು.

ಈಜಿನ ಕಥೆ ಏನಾಯಿತು ಅಂತೀರಾ? ವೇಲ್ಸಿನಲ್ಲಿ ಸರ್ಕಾರವೇ ಹಣ ಕೊಟ್ಟು 60 ದಾಟಿದವರಿಗೆ ಉಚಿತ ಈಜು ತಂದಿತು. ಇಂಗ್ಲೆಂಡಿನಲ್ಲೂ 2009ರ ಏಪ್ರಿಲಿನಿಂದ, ಯೋಜನೆಗೆ ಸೇರಿದ ಊರುಗಳಲ್ಲಿ, 60 ದಾಟಿದ ಗಂಡು ಹೆಣ್ಣು ಇಬ್ಬರಿಗೂ ಉಚಿತ. ಲಂಡನ್ ಒಲಿಂಪಿಕ್ಸಿನ ಹುರುಪು ಬೇರೆ. ಆದರೆ 2010ರಲ್ಲಿ ಸರ್ಕಾರ ಬದಲಾಯಿತು, ಖಜಾನೆ ಬಿಗಿಯಾಯಿತು. ಮೊದಲು ಕಾಸು ಕೊಟ್ಟು ಈಜುತ್ತಿದ್ದವರೇ ಈಗ ಪುಕ್ಕಟೆ ಈಜುತ್ತಿದ್ದಾರೆ ಅನ್ನೋ ಕಾರಣ ಕೊಟ್ಟು ಅದೇ ಜುಲೈ ಕೊನೆಗೆ ಯೋಜನೆ ನಿಲ್ಲಿಸಿದರು. ಕೋರ್ಟಿನಲ್ಲಿ ಐದು ವರ್ಷದ ಅಂತರ ಅಳಿಸಲು ಅಷ್ಟು ಕಷ್ಟಪಟ್ಟಿದ್ದಾಗಿತ್ತು. ಈ ಸೌಲಭ್ಯ ಎದ್ದುಹೋಗೋಕೆ ಒಂದು ಬಜೆಟ್ ಸಾಕಾಯಿತು.

ನಮಗೂ ಇದು ಹೊಸದಲ್ಲ. ನಮ್ಮ ರೈಲಿನಲ್ಲಿ ಹೆಂಗಸರಿಗೆ 58ಕ್ಕೆ ಅರ್ಧ ರಿಯಾಯಿತಿ, ಗಂಡಸರಿಗೆ 60ಕ್ಕೆ ಶೇ. 40 ಇತ್ತು. ನಾನೂ ನನ್ನ ಹೆಂಡತಿಯೂ ಒಂದೇ ಟಿಕೆಟ್ಟಿನಲ್ಲಿ ಎರಡು ಬೇರೆ ದರ ಕೊಟ್ಟು ಓಡಾಡಿದ್ದೀವಿ. ಹಾಗ್ಯಾಕೆ ಅಂತ ನಾವ್ಯಾರೂ ಕೇಳಲಿಲ್ಲ. 2020ರ ಮಾರ್ಚಿನಲ್ಲಿ ಕೊರೊನಾ ಬಂದು ಎರಡನ್ನೂ ಒಟ್ಟಿಗೆ ತೆಗೆದಾಗ ಇಬ್ಬರೂ ಸಮಾನರಾದೆವು!

ಈಗ ನಮ್ಮ ಕಡೆಯ ಕೊಳಗಳಿಗೆ ಬನ್ನಿ. ನಾನು ಹೋಗುವ ಕೊಳದಲ್ಲಿ ಹಿರಿಯರಿಗೆ ರಿಯಾಯಿತಿ ಇದೆ, ಇಲ್ಲ ಅನ್ನಲ್ಲ. ಆದರೆ ಬೆಳಿಗ್ಗೆ ತಂಪು ಹೊತ್ತೆಲ್ಲ ಮಕ್ಕಳ ಕೋಚಿಂಗಿಗೆ, ನಮಗೆ ಸಿಗೋದು ನೆತ್ತಿ ಸುಡುವ ಹೊತ್ತು. ನೀರಿಗಿಳಿಯಲು ಗೋಡೆಗಂಟಿದ ನೆಟ್ಟಗಿನ ಕಬ್ಬಿಣದ ಏಣಿ. ಮಂಡಿನೋವಿಗೆ ಈಜು ಒಳ್ಳೇದು ಅಂತ ಡಾಕ್ಟರು ಕಳಿಸಿದವರು ಆ ಏಣಿ ನೋಡಿಯೇ ವಾಪಸ್ ಹೋಗಿದ್ದನ್ನು ಕಂಡಿದ್ದೀನಿ. ಅವರಿಗೆ ಬೇಕಾಗಿದ್ದು ಅಗಲವಾದ ನಾಲ್ಕು ಮೆಟ್ಟಿಲು, ಪಕ್ಕದಲ್ಲೊಂದು ಹಿಡಿಕಂಬಿ. ಟಿಕೆಟ್ಟಿನಲ್ಲಿ ಹತ್ತು ರೂಪಾಯಿ ಬಿಟ್ಟರೆ ಆ ಮೆಟ್ಟಿಲು ಹುಟ್ಟಲ್ಲ.

ಬೋರ್ಡು ಹಾಕಿದವರ ಮನಸ್ಸು ಒಳ್ಳೆಯದೇ ಇರಬಹುದು. ಈಸ್ಟ್‌ಲೀ ಕೌನ್ಸಿಲ್ಲಿನದೂ ಒಳ್ಳೆಯದೇ ಇತ್ತು. ಆದ್ದರಿಂದ ನಿಮ್ಮೂರಿನ ಕೊಳದಲ್ಲಿ ಎಷ್ಟು ವರ್ಷಕ್ಕೆ ಎಷ್ಟು ರಿಯಾಯಿತಿ ಅಂತ ಕೇಳಿ, ತಪ್ಪಿಲ್ಲ. ಅದರ ಜೊತೆಗೆ ಇನ್ನೆರಡು ಪ್ರಶ್ನೆ ಕೇಳಿ: ಎಪ್ಪತ್ತರ ಅಜ್ಜಿ ಯಾವ ಹೊತ್ತಿನಲ್ಲಿ ಬರಬೇಕು, ಬಂದ ಮೇಲೆ ನೀರಿಗೆ ಹೇಗೆ ಇಳಿಯಬೇಕು?