ಶಾಲಾ ವಾರ್ಷಿಕೋತ್ಸವ: ಪರದೆಯ ಮುಂದೆ, ಪರದೆಯ ಹಿಂದೆ

ಕಳೆದ ತಿಂಗಳು ಮನೆಗೆ ಸುಣ್ಣಬಣ್ಣ ಮಾಡಿಸುವ ಸಲುವಾಗಿ ಅಟ್ಟದ ಮೇಲಿದ್ದ ಟ್ರಂಕನ್ನು ಇಳಿಸಬೇಕಾಯಿತು. ಅದರೊಳಗೆ ಹಳೆಯ ಹಾಜರಿ ಪುಸ್ತಕಗಳು, ಬೀಳ್ಕೊಡುಗೆಯ ಗುಂಪು ಭಾವಚಿತ್ರಗಳು, ಜೊತೆಗೆ ಸ್ಪರ್ಧೆಗಳ ಅಂಕಪಟ್ಟಿಗಳ ಒಂದು ಕಟ್ಟು ದೊರೆಯಿತು. ಶಾಲೆಯವರು ಎಸೆಯಲಿದ್ದುದನ್ನು ನಾನು ಏಕೆ ಎತ್ತಿಟ್ಟುಕೊಂಡೆನೋ ಕಾಣೆ. ಆ ಕಟ್ಟನ್ನು ಬಿಚ್ಚಿ ಕುಳಿತವನು ಮಧ್ಯಾಹ್ನದ ಊಟವನ್ನೂ ಮರೆತೆ. ನಮ್ಮಂಥ ಸಣ್ಣ ಊರುಗಳ ಪ್ರೌಢಶಾಲೆಗಳಲ್ಲಿ ವಾರ್ಷಿಕೋತ್ಸವವೆಂಬುದು ಹೇಗಿತ್ತು, ಹೇಗೆ ಬದಲಾಯಿತು ಎಂಬುದನ್ನು ನನ್ನ ನೆನಪು ಇರುವಷ್ಟು ಬರೆದಿಡಬೇಕೆನಿಸಿತು. ಇದನ್ನು ಓದುವ ನಿಮ್ಮಲ್ಲಿ ಅನೇಕರು ಆ ವೇದಿಕೆಯ ಮೇಲೆ ಬಣ್ಣ ಹಚ್ಚಿಕೊಂಡು ನಿಂತವರೇ ಆಗಿದ್ದೀರಿ.

ಹೆಸರಿನಿಂದಲೇ ಆರಂಭಿಸೋಣ. ನಮ್ಮ ತಿಪಟೂರು, ಅರಸೀಕೆರೆಯ ಕಡೆ ಇದನ್ನು ‘ಸ್ಕೂಲ್ ಡೇ’ ಎನ್ನುತ್ತಿದ್ದೆವು. ಧಾರವಾಡದ ಕಡೆಯಿಂದ ವರ್ಗವಾಗಿ ಬಂದಿದ್ದ ನನ್ನ ಸಹೋದ್ಯೋಗಿಯೊಬ್ಬರು ‘ಗ್ಯಾದರಿಂಗ್’ ಎನ್ನುತ್ತಿದ್ದರು. ಆಮಂತ್ರಣ ಪತ್ರಿಕೆಯಲ್ಲಾದರೆ ‘ಸ್ನೇಹ ಸಮ್ಮೇಳನ’. 1956ರ ಏಕೀಕರಣಕ್ಕೆ ಮುಂಚೆ ಆ ಭಾಗ ಮುಂಬಯಿ ಪ್ರಾಂತ್ಯದಲ್ಲಿದ್ದುದರಿಂದ ಅಲ್ಲಿನ ಮರಾಠಿ ಶಾಲೆಗಳ ಪದ್ಧತಿಯೂ ಪದವೂ ಕನ್ನಡ ಶಾಲೆಗಳಿಗೆ ಬಂದು ನೆಲೆಸಿದ್ದವು. ಹಳೆಯ ಮೈಸೂರು ಸಂಸ್ಥಾನದಲ್ಲಿ ಕಲಿತ ನಮ್ಮ ತಂದೆಯವರ ನೆನಪಿನಲ್ಲಿ ಶಾಲೆಯ ಸಂಭ್ರಮವೆಂದರೆ ಮಹಾರಾಜರ ವರ್ಧಂತಿ. ಅಂದು ಮಕ್ಕಳು ಸಾಲಾಗಿ ನಿಂತು ಪ್ರಾರ್ಥನೆ ಹೇಳಿ, ಮಿಠಾಯಿ ಪಡೆದು ಮನೆಗೆ ಮರಳುತ್ತಿದ್ದರಂತೆ. ಸ್ವಾತಂತ್ರ್ಯಾನಂತರ ಆ ಮಿಠಾಯಿ ಆಗಸ್ಟ್ ಹದಿನೈದಕ್ಕೆ ವರ್ಗವಾಯಿತು. 1962ರಿಂದ ಸೆಪ್ಟೆಂಬರ್ 5 ಶಿಕ್ಷಕರ ದಿನವಾಯಿತು. ನವೆಂಬರ್ 14 ಮಕ್ಕಳ ದಿನವಾಯಿತು. ಆದರೂ ಇಡೀ ಊರು ಚಾಪೆ ಹಿಡಿದುಕೊಂಡು ಬರುತ್ತಿದ್ದುದು ವಾರ್ಷಿಕೋತ್ಸವಕ್ಕೆ ಮಾತ್ರ.

ನಾನು ಪ್ರೌಢಶಾಲೆಯ ವಿದ್ಯಾರ್ಥಿಯಾಗಿದ್ದುದು 1971ರಿಂದ 1974ರವರೆಗೆ. ನಮ್ಮದು ಹುಡುಗರೂ ಹುಡುಗಿಯರೂ ಕೂಡಿ ಓದುವ ಶಾಲೆಯಾಗಿದ್ದರೂ ವೇದಿಕೆಯ ಮೇಲೆ ಕೂಡುವಂತಿರಲಿಲ್ಲ. ಹುಡುಗಿಯರು ಪ್ರಾರ್ಥನೆ ಹಾಡುವರು, ಒಂದು ಕೋಲಾಟ ಮಾಡುವರು. ಅಲ್ಲಿಗೆ ಅವರ ಪಾಲು ಮುಗಿಯಿತು. ನಾಟಕ ಹುಡುಗರದು. ಕೈಲಾಸಂ ಅವರ ‘ಟೊಳ್ಳುಗಟ್ಟಿ’ಯಂಥ ನಾಟಕವನ್ನು ಆಡಬೇಕಾದರೆ ತಾಯಿಯ ಪಾತ್ರಕ್ಕೆ ಮೀಸೆ ಮೂಡದ ಒಬ್ಬ ಹುಡುಗನನ್ನು ಹುಡುಕಬೇಕು. ಈ ತೊಡಕಿನಿಂದಲೇ ‘ಸ್ತ್ರೀಪಾತ್ರರಹಿತ ನಾಟಕ’ವೆಂಬ ಒಂದು ಜಾತಿಯೇ ಕನ್ನಡದಲ್ಲಿ ಬೆಳೆಯಿತು, ಮುಖಪುಟದ ಮೇಲೆ ಆ ಮಾತು ಅಚ್ಚಾಗಿದ್ದರೆ ಸಾಕು, ಮುಖ್ಯೋಪಾಧ್ಯಾಯರು ಒಳಗೆ ಏನಿದೆಯೆಂದು ನೋಡದೆಯೇ ಒಪ್ಪಿಗೆ ಕೊಡುತ್ತಿದ್ದರು. 1972ರಲ್ಲಿ ತಾಯಿಯ ಪಾತ್ರ ನನ್ನ ಪಾಲಿಗೆ ಬಂದಿತ್ತು. ನಮ್ಮ ಅಕ್ಕನ ಸೀರೆ ಪೆಟ್ರೋಮ್ಯಾಕ್ಸ್ ದೀಪಕ್ಕೆ ತಗುಲಿ ಅಂಚು ಸುಟ್ಟುಹೋದ ಕಥೆಯನ್ನು ಬಂಧುಗಳು ಈಗಲೂ ಮದುವೆಮನೆಗಳಲ್ಲಿ ಹೇಳುತ್ತಾರೆ. ಆದ್ದರಿಂದ ಇಲ್ಲಿ ಬಿಟ್ಟಿದ್ದೇನೆ.

1973ರ ನವೆಂಬರ್ 1ರಂದು, ದೇವರಾಜ ಅರಸು ಅವರು ಮುಖ್ಯಮಂತ್ರಿಗಳಾಗಿದ್ದಾಗ, ಮೈಸೂರು ರಾಜ್ಯವು ಕರ್ನಾಟಕವೆಂದು ಹೆಸರು ಪಡೆಯಿತು. ಆ ವರ್ಷ ಪ್ರಬಂಧ, ಭಾಷಣ, ಗಾಯನ ಎಲ್ಲ ಸ್ಪರ್ಧೆಗಳಿಗೂ ಅದೇ ವಿಷಯ. ನನಗೆ ಪ್ರಬಂಧದಲ್ಲಿ ಎರಡನೆಯ ಬಹುಮಾನವಾಗಿ ಭಾರತ-ಭಾರತಿ ಪುಸ್ತಕ ಸಂಪದದ ಪುಟ್ಟ ಪುಸ್ತಕವೊಂದು ದೊರೆಯಿತು. ಎಲ್.ಎಸ್. ಶೇಷಗಿರಿರಾಯರ ಸಂಪಾದಕತ್ವದ ಆ ಮಾಲೆ 510 ಪುಸ್ತಕಗಳವರೆಗೆ ಬೆಳೆಯಿತು. ಅಂಗಿಯ ಜೇಬಿನಲ್ಲಿ ಹಿಡಿಸುವ ಆ ಪುಸ್ತಕಗಳನ್ನು ನಾನು ಉಪಾಧ್ಯಾಯನಾದ ಮೇಲೂ ಬಹುಮಾನಕ್ಕೆಂದು ತರಿಸುತ್ತಿದ್ದೆ. ಬರಬರುತ್ತ ಸೋಪಿನ ಡಬ್ಬಿಗಳೂ ಸ್ಟೀಲಿನ ಲೋಟಗಳೂ ಪುಸ್ತಕದ ಸ್ಥಾನವನ್ನು ಆಕ್ರಮಿಸಿಕೊಂಡವು. ದಾನಿಗಳಿಗೆ ತಮ್ಮ ಹೆಸರು ಕೆತ್ತಿಸಲು ಲೋಟವೇ ಅನುಕೂಲವೆಂಬುದು ಅದಕ್ಕೆ ಕಾರಣ.

ನೃತ್ಯದ ಚರಿತ್ರೆ ಬೇರೆಯದು. ಅದು ಯಂತ್ರಗಳೊಂದಿಗೆ ಬಂದಿತು. ಗ್ರಾಮಫೋನ್ ಇದ್ದ ಕಾಲದಲ್ಲಿ ಅದನ್ನು ಊರಿನ ಧ್ವನಿವರ್ಧಕದ ಅಂಗಡಿಯಿಂದ ತಂದು, ಮುಳ್ಳು ಜಾರದಂತೆ ಒಬ್ಬರು ಕಾವಲು ಕೂರಬೇಕಾಗಿತ್ತು. ಹಲಗೆಯ ವೇದಿಕೆಯ ಮೇಲೆ ಮಕ್ಕಳು ಕುಣಿದರೆ ಮುಳ್ಳೂ ಕುಣಿಯುತ್ತಿತ್ತು. ನಾನು 1984ರಲ್ಲಿ ಕನ್ನಡ ಶಿಕ್ಷಕನಾಗಿ ಸೇರುವ ವೇಳೆಗೆ ಟೇಪ್ ರೆಕಾರ್ಡರ್ ಬಂದಿತ್ತು. ಒಂದೇ ಹಾಡನ್ನು ನೂರು ಸಲ ಹಿಂದಕ್ಕೆ ತಿರುಗಿಸಿ ಅಭ್ಯಾಸ ಮಾಡಬಹುದಾಗಿದ್ದರಿಂದ ನಮ್ಮಂಥ ಊರಿನಲ್ಲೂ ತಂಡನೃತ್ಯ ಸಾಧ್ಯವಾಯಿತು. ಗಾಯನದಲ್ಲೂ ಹೀಗೆಯೇ: 1978ರಲ್ಲಿ ನಿಸಾರ್ ಅಹಮದರ ಗೀತೆಗಳಿಗೆ ಮೈಸೂರು ಅನಂತಸ್ವಾಮಿಯವರು ರಾಗ ಸಂಯೋಜಿಸಿದ ‘ನಿತ್ಯೋತ್ಸವ’ ಧ್ವನಿಸುರುಳಿ ಬಂದ ಮೇಲೆ ಭಾವಗೀತೆ ಸ್ಪರ್ಧೆಯ ಸ್ವರೂಪವೇ ಬದಲಾಯಿತು. ಅದಕ್ಕೆ ಮುಂಚೆ ಪ್ರತಿಯೊಬ್ಬ ಮೇಷ್ಟರೂ ತಮಗೆ ತೋಚಿದ ರಾಗದಲ್ಲಿ ಪದ್ಯ ಹಾಡಿಸುತ್ತಿದ್ದರು. ಅನಂತರ ಎಲ್ಲ ಮಕ್ಕಳೂ ಕ್ಯಾಸೆಟ್ಟಿನಂತೆಯೇ ಹಾಡತೊಡಗಿದರು. ಕೇಳಲು ಇಂಪೇ. ಆದರೂ ನಮ್ಮ ಹಳೆಯ ಪಂಡಿತರ ಬೇಸುರದ ಸ್ವಂತ ಧಾಟಿಯನ್ನು ನಾನು ಇಂದಿಗೂ ನೆನೆಯುತ್ತೇನೆ.

ಹುಡುಗಿಯರು ಚಿತ್ರಗೀತೆಗೆ ಕುಣಿಯಬಹುದೇ ಎಂಬ ಪ್ರಶ್ನೆ ಪ್ರತಿ ಡಿಸೆಂಬರಿನಲ್ಲಿಯೂ ಶಿಕ್ಷಕರ ಕೊಠಡಿಯನ್ನು ಎರಡು ಪಕ್ಷವಾಗಿಸುತ್ತಿತ್ತು. ಕೊನೆಗೆ ‘ಜಾನಪದ ನೃತ್ಯ’ ಎಂಬ ಸಂಧಾನವಾಗುತ್ತಿತ್ತು. ಆಮಂತ್ರಣದಲ್ಲಿ ಜಾನಪದ, ಕ್ಯಾಸೆಟ್ಟಿನಲ್ಲಿ ಸಿನಿಮಾ. ಈ ವಾದದಲ್ಲಿ ನಾನು ಯಾವಾಗಲೂ ಹುಡುಗಿಯರ ಪರವಾಗಿದ್ದೆ. ಆ ಬಗ್ಗೆ ನನಗೆ ಒಳಗೊಳಗೇ ಹೆಮ್ಮೆಯೂ ಇತ್ತು. ಆ ಹೆಮ್ಮೆಯನ್ನು ಮುರಿದದ್ದು ಟ್ರಂಕಿನಲ್ಲಿ ದೊರೆತ 1986ರ ಒಂದು ಹಾಳೆ.

ಅದು ಆಶುಭಾಷಣ ಸ್ಪರ್ಧೆಯ ಅಂಕಪಟ್ಟಿ. ಚೀಟಿ ಎತ್ತಿ, ಬಂದ ವಿಷಯದ ಮೇಲೆ ಮೂರು ನಿಮಿಷ ಮಾತನಾಡಬೇಕು. ವಿಷಯಕ್ಕೆ 10 ಅಂಕ, ನಿರೂಪಣೆಗೆ 10, ಉಚ್ಚಾರಶುದ್ಧಿಗೆ 5. ತೀರ್ಪುಗಾರ ನಾನೊಬ್ಬನೇ. ಆ ವರ್ಷಗಳಲ್ಲಿ ಮಳೆ ಕೈಕೊಟ್ಟು ನಮ್ಮ ಸೀಮೆಯಲ್ಲಿ ತೆಂಗಿನ ಗರಿಗಳು ಜೋತುಬಿದ್ದಿದ್ದವು. ಹತ್ತನೆಯ ತರಗತಿಯ ಒಬ್ಬ ಹುಡುಗಿಗೆ ‘ನೀರು’ ಎಂಬ ಚೀಟಿ ಬಂದಿತು. ಅವಳು ಒಂದು ಕ್ಷಣವೂ ತಡವರಿಸಲಿಲ್ಲ. ತನ್ನ ಹಳ್ಳಿಯ ಬಾವಿಗೆ ನಸುಕಿನಲ್ಲಿ ಮೂರು ಗಂಟೆಗೆ ಸರದಿ ಹಿಡಿಯುವುದು, ಹಗ್ಗಕ್ಕೆ ಹಗ್ಗ ಗಂಟು ಹಾಕಿದರೂ ಕೊಡ ಮುಳುಗದಿರುವುದು, ಮೊದಲು ಯಾರ ಕೊಡ, ಕೊನೆಗೆ ಯಾರ ಕೊಡ ಎಂಬುದು ಜಾತಿಯ ಮೇಲೆ ತೀರ್ಮಾನವಾಗುವುದು, ಎಲ್ಲವನ್ನೂ ಹೇಳಿದಳು. ಆದರೆ ಹಳ್ಳಿಯನ್ನು ‘ಅಳ್ಳಿ’ ಎಂದಳು, ಹಗ್ಗವನ್ನು ‘ಅಗ್ಗ’ ಎಂದಳು. ಮುಂದಿನ ಸಾಲಿನ ಹುಡುಗರು ನಕ್ಕರು. ನಾನು ಅವರನ್ನು ಗದರಿಸಲಿಲ್ಲ.

ಹಾಳೆಯ ಮೇಲೆ ನನ್ನದೇ ಅಕ್ಷರದಲ್ಲಿ ಹೀಗಿದೆ: ವಿಷಯ 9, ನಿರೂಪಣೆ 8, ಉಚ್ಚಾರ 1, ಒಟ್ಟು 18. ಅವಳ ಕೆಳಗಿನ ಸಾಲಿನಲ್ಲಿ ಪೇಟೆಯ ಹುಡುಗನೊಬ್ಬ. ಅವನಿಗೆ ‘ವಿಜ್ಞಾನ’ ಎಂಬ ಚೀಟಿ ಬಂದಿತ್ತು. ಬಾಯಿಪಾಠವಾಗಿದ್ದ ಯಾವುದೋ ಭಾಷಣವನ್ನು ಅಚ್ಚುಕಟ್ಟಾಗಿ ಒಪ್ಪಿಸಿದ್ದ. 6, 8, 5, ಒಟ್ಟು 19. ತಾಲ್ಲೂಕು ಮಟ್ಟಕ್ಕೆ ಮೊದಲ ಬಹುಮಾನದವರಿಗೆ ಮಾತ್ರ ಅವಕಾಶವಿತ್ತು. ಅವಳಿಗೆ ಒಂದು ಸೋಪಿನ ಡಬ್ಬಿ ದೊರೆಯಿತು.

ಅದೇ ಹುಡುಗಿಯ ತರಗತಿಯಲ್ಲಿ, ಅದೇ ವರ್ಷ, ಹಳಗನ್ನಡದ ಪಕಾರವು ನಡುಗನ್ನಡದಲ್ಲಿ ಹಕಾರವಾದುದನ್ನು ನಾನೇ ಕಪ್ಪುಹಲಗೆಯ ಮೇಲೆ ಬರೆದು ಬೋಧಿಸಿದ್ದೆ. ಪಾಲು ಹಾಲಾಯಿತು, ಪಳ್ಳಿ ಹಳ್ಳಿಯಾಯಿತು. ಪಂಪನ ಕಾಲದ ವಿದ್ವಾಂಸನೊಬ್ಬ ನಮ್ಮ ‘ಹಳ್ಳಿ’ಯನ್ನು ಕೇಳಿದ್ದರೆ ಅಶುದ್ಧವೆಂದು ಕಿವಿ ಮುಚ್ಚಿಕೊಳ್ಳುತ್ತಿದ್ದನೆಂದು ನಗೆಯಾಡಿದ್ದೂ ನೆನಪಿದೆ. ಆ ದಾರಿಯಲ್ಲಿಯೇ ಇನ್ನೊಂದು ಹೆಜ್ಜೆ ಮುಂದೆ ಹೋದ ನಾಲಗೆಗೆ ನಾನು ಐದರಲ್ಲಿ ಒಂದು ಅಂಕ ಕೊಟ್ಟೆ. ಪಾಠ ಹೇಳುವ ನಾನು ಬೇರೆ, ಅಂಕ ಹಾಕುವ ನಾನು ಬೇರೆ ಆಗಿದ್ದೆನೆಂದು ಕಾಣುತ್ತದೆ. ಅಂದು ಯಾರೂ ನನ್ನ ಮೇಲೆ ಒತ್ತಡ ಹೇರಿರಲಿಲ್ಲ. ಹೇರಿದ್ದರೆ ಹೇಳಿಕೊಳ್ಳಲು ಒಂದು ನೆಪವಾದರೂ ಇರುತ್ತಿತ್ತು. ಎಸ್ಸೆಸ್ಸೆಲ್ಸಿ ಮುಗಿಸಿ ಹೋಗುವವರೆಗೆ ಅವಳು ಮತ್ತೆ ವೇದಿಕೆ ಹತ್ತಲಿಲ್ಲ. ಬೀಳ್ಕೊಡುಗೆಯ ದಿನ ಎರಡು ಮಾತಾಡೆಂದು ಕರೆದಾಗಲೂ ತಲೆಯಲ್ಲಾಡಿಸಿ ಕುಳಿತುಬಿಟ್ಟಳು.

ಈ ಶತಮಾನದ ಆರಂಭದಲ್ಲಿ ಸರ್ಕಾರವು ‘ಪ್ರತಿಭಾ ಕಾರಂಜಿ’ಯನ್ನು ತಂದಿತು. ಕ್ಲಸ್ಟರಿನಿಂದ ತಾಲ್ಲೂಕು, ಜಿಲ್ಲೆ, ರಾಜ್ಯದವರೆಗೆ ಮೆಟ್ಟಿಲುಗಳು. ಕಂಠಪಾಠ, ಛದ್ಮವೇಷ, ಜಾನಪದ ಗೀತೆ, ಕವ್ವಾಲಿ, ಗಜಲ್, ರಂಗೋಲಿ, ಸಂಸ್ಕೃತ ಮತ್ತು ಅರೇಬಿಕ್ ಧಾರ್ಮಿಕ ಪಠಣ, ಆಶುಭಾಷಣವೂ ಸೇರಿ ದೊಡ್ಡದೊಂದು ಪಟ್ಟಿ. ಬಹುಮಾನಕ್ಕಾಗಿ ದಾನಿಗಳ ಮನೆಬಾಗಿಲು ಕಾಯುವುದು ತುಸು ತಪ್ಪಿತು; ಒಂದೇ ಕೊಠಡಿಯ ಶಾಲೆಯ ಮಗುವಿಗೂ ವೇದಿಕೆ ದೊರೆಯಿತು. ವೇಷಭೂಷಣದ ಬಾಡಿಗೆಗೆ ತಂದೆತಾಯಿಯರು ಸಾಲ ಮಾಡಿದುದನ್ನೂ ಕಂಡಿದ್ದೇನೆ. ಅದನ್ನು ಇನ್ನೊಮ್ಮೆ ಬರೆಯುತ್ತೇನೆ.

2009ರಲ್ಲಿ ತಾಲ್ಲೂಕು ಮಟ್ಟದ ಕಾರಂಜಿಗೆ ನಾನು ತೀರ್ಪುಗಾರನಾಗಿ ಹೋಗಿದ್ದೆ. ಊಟದ ವಿರಾಮದಲ್ಲಿ, ಮಗಳ ಕೈ ಹಿಡಿದುಕೊಂಡು ಒಬ್ಬ ಮಹಿಳೆ ಎದುರು ನಿಂತರು. ನಾನು ಗುರುತಿಸಲಿಲ್ಲ, ಅವರೇ ಶಾಲೆಯ ಹೆಸರನ್ನೂ ವರ್ಷವನ್ನೂ ಹೇಳಿದರು. ಮಗಳು ಆಶುಭಾಷಣಕ್ಕೆ ಬಂದಿದ್ದಳು. ಕುಶಲ ಪ್ರಶ್ನೆಗಳಾದ ಮೇಲೆ ಅವರು ನಗುತ್ತಲೇ ಕೇಳಿದರು: “ಸಾರ್, ಈಗ್ಲೂ ಅಕಾರ ಹಕಾರಕ್ಕೆ ಬ್ಯಾರೆ ಮಾರ್ಕ್ಸ್ ಐತಾ?”

ನನ್ನ ಜೇಬಿನಲ್ಲಿದ್ದ ಅಂಕಪಟ್ಟಿಯಲ್ಲಿ ಆ ಕಲಮು ಇತ್ತು. ಇದೆಯಮ್ಮಾ ಎಂದೆ. ಅವರು ಮಗಳ ಕಡೆ ಬಾಗಿ, “ಅಗ್ಗ ಅಲ್ಲ, ಹಗ್ಗ ಅನ್ನು. ಎಲ್ಲಿ, ಇನ್ನೊಂದ್ಸಲ ಹೇಳು,” ಎಂದರು. ಹುಡುಗಿ ಹೇಳಿದಳು.