ಪಿಶಾಚಿಯ ಮೇಲೆ ಸರ್ಕಾರಿ ಮಹಜರು

1725ರಲ್ಲಿ ಉತ್ತರ ಸರ್ಬಿಯಾದ ಕಿಸಿಲೆವೊ ಹಳ್ಳಿಯ ಜನ ಗ್ರಾಡಿಸ್ಕ ವಿಭಾಗದ ಅಧಿಕಾರಿ ಫ್ರೊಂಬಾಲ್ಡ್ ಬಳಿ ವಿಚಿತ್ರ ಅಹವಾಲು ತಂದರು. ಮಣ್ಣು ಮಾಡಿ ಹತ್ತು ವಾರವಾಗಿದ್ದ ಪೀಟರ್ ಪ್ಲೊಗೊಯೊವಿಟ್ಸ್ ರಾತ್ರಿ ಬಂದು ಕತ್ತು ಹಿಸುಕುತ್ತಿದ್ದಾನೆ, ಎಂಟೇ ದಿನದಲ್ಲಿ ಒಂಬತ್ತು ಜನ ಸತ್ತಿದ್ದಾರೆ, ಗೋರಿ ಅಗೆಯಲು ಅಪ್ಪಣೆ ಬೇಕು ಎಂದರು.

ಆ ಸೀಮೆ ತುರ್ಕರ ಕೈಯಿಂದ ಆಸ್ಟ್ರಿಯಾದ ಹ್ಯಾಬ್ಸ್‌ಬರ್ಗ್ ದೊರೆಗಳಿಗೆ ಬಂದು ಆಗಿನ್ನೂ ಏಳು ವರ್ಷ. ಮೇಲಿನವರನ್ನು ಕೇಳಬೇಕು ಎಂದು ಫ್ರೊಂಬಾಲ್ಡ್ ರಾಗ ಎಳೆದ. ಬೆಲ್‌ಗ್ರೇಡ್‌ನಿಂದ ಉತ್ತರ ಬರುವಷ್ಟರಲ್ಲಿ ಊರೇ ಖಾಲಿಯಾಗುತ್ತದೆ, ಇಲ್ಲವಾದರೆ ನಾವೇ ಊರು ಬಿಡುತ್ತೇವೆ ಎಂದು ಜನ ಪಟ್ಟು ಹಿಡಿದರು. ಬೇರೆ ದಾರಿ ಕಾಣದೆ ಪಾದ್ರಿಯನ್ನು ಕರೆದುಕೊಂಡು ಹೊರಟ. ಹೆಣ ಕೊಳೆತಿರಲಿಲ್ಲ, ಬಾಯಲ್ಲಿ ರಕ್ತವಿತ್ತು. ಜನ ಎದೆಗೆ ಗೂಟ ಹೊಡೆದು ಸುಟ್ಟರು. ಫ್ರೊಂಬಾಲ್ಡ್ ವರದಿಯ ಕೊನೆಗೆ, ತಪ್ಪಾಗಿದ್ದರೆ ಅದು ತನ್ನದಲ್ಲ, ಭಯದಿಂದ ಹುಚ್ಚೆದ್ದ ಜನರದ್ದು ಎಂದು ಬರೆದು ಕೈತೊಳೆದುಕೊಂಡ. ಯಾವ ಕಾಲದ ಕಚೇರಿಗೂ ಪರಿಚಿತವಾದ ಷರಾ!

ಆರು ವರ್ಷದ ಮೇಲೆ ಮೆಡ್ವೆಡ್ಯಾ ಎಂಬಲ್ಲಿ ಅದೇ ಗಲಾಟೆ. ಈ ಸಲ ಸರ್ಕಾರ ಎಚ್ಚರ ವಹಿಸಿ ಸಾಂಕ್ರಾಮಿಕ ರೋಗಗಳ ವೈದ್ಯ ಗ್ಲೇಸರ್‌ನನ್ನು ಕಳಿಸಿತು. ಅವನು ಮನೆಮನೆ ಸುತ್ತಿದ. ಅಂಟುಜಾಡ್ಯವೇನೂ ಸಿಗಲಿಲ್ಲ, ಕಟ್ಟುನಿಟ್ಟಿನ ಉಪವಾಸದಿಂದ ಬಂದ ಜ್ವರ, ಪಕ್ಕೆನೋವು ಅಂದುಕೊಂಡ. ಊರವರು ಒಪ್ಪಿದರೆ ತಾನೆ? ರಾತ್ರಿಯಾದರೆ ಎರಡು ಮೂರು ಸಂಸಾರ ಒಂದೇ ಮನೆಯಲ್ಲಿ ಸೇರಿ, ಅರ್ಧ ಜನ ಮಲಗಿದರೆ ಅರ್ಧ ಜನ ಕಾವಲು ಕೂರುತ್ತಿದ್ದರು. ಗೋರಿ ತೆಗೆಸಿ ನೋಡಿದ ಗ್ಲೇಸರ್ ತಾನೇ ಗಲಿಬಿಲಿಗೊಂಡು, ಜನರ ಸಮಾಧಾನಕ್ಕಾದರೂ ಆ ಹೆಣಗಳನ್ನು ಇಲ್ಲವಾಗಿಸಲು ಅನುಮತಿ ಕೊಡಿ ಎಂದು ಬರೆದ.

1732ರ ಜನವರಿಯಲ್ಲಿ ಸೇನಾ ವೈದ್ಯ ಫ್ಲೂಕಿಂಗರ್ ಅಧಿಕಾರಿಗಳ ತಂಡದೊಂದಿಗೆ ಬಂದ. ಹೆಣಗಳನ್ನು ಕೊಯ್ದು ಒಂದೊಂದನ್ನೂ ದಾಖಲಿಸಿದ. ಬದುಕಿದ್ದಾಗ ಒಣಕಲಾಗಿದ್ದ ಮುದುಕಿಯೊಬ್ಬಳು ಗೋರಿಯಲ್ಲಿ ಮೈಕೈ ತುಂಬಿಕೊಂಡಿದ್ದಳಂತೆ. ಕೊಳೆಯುವ ಹೆಣ ಗಾಳಿ ತುಂಬಿ ಉಬ್ಬುತ್ತದೆ, ಚಳಿಯಲ್ಲಿ ಕೊಳೆಯುವುದು ನಿಧಾನ ಎಂಬುದು ಇಂದಿನ ವಿವರಣೆ. ಅಂದು ತಲೆ ಕತ್ತರಿಸಿ, ಸುಟ್ಟು, ಬೂದಿಯನ್ನು ಮೊರಾವಾ ನದಿಗೆ ಸುರಿದರು. ವರದಿಗೆ ವೈದ್ಯರೂ ಸೇನಾಧಿಕಾರಿಗಳೂ ಸಹಿ ಹಾಕಿದರು.

ಎಡವಟ್ಟಾದದ್ದು ಇಲ್ಲೇ. ಹಳ್ಳಿಯವರ ಮಾತಾಗಿದ್ದರೆ ಅಜ್ಜಿಕಥೆ ಎಂದು ಬಿಡಬಹುದಿತ್ತು; ಸರ್ಕಾರಿ ವೈದ್ಯರ ರುಜುವಿಗೆ ಏನೆನ್ನುವುದು? ಯುರೋಪಿನ ಪತ್ರಿಕೆಗಳು ಅದನ್ನು ಹೊತ್ತು ತಿರುಗಿದವು. ಬರ್ಲಿನ್ನಿನ ವಿಜ್ಞಾನ ಅಕಾಡೆಮಿಯೂ ಅಭಿಪ್ರಾಯ ಬರೆಯಬೇಕಾಯಿತು. ಭಯ ಅಡಗಿಸಲು ಹೋದ ಆಡಳಿತವೇ ಅದಕ್ಕೆ ಮೊಹರು ಒತ್ತಿಕೊಟ್ಟಿತ್ತು.

ಪಾಠ ಕಲಿಯಲು ಮತ್ತೆ ಎರಡು ದಶಕ ಹಿಡಿಯಿತು. 1755ರಲ್ಲಿ ಸಿಲೇಸಿಯಾದ ಹೆರ್ಮರ್ಸ್‌ಡಾರ್ಫ್‌ನಲ್ಲಿ ಹೆಂಗಸೊಬ್ಬಳ ಹೆಣ ಅಗೆದು ಸುಟ್ಟ ಸುದ್ದಿ ವಿಯೆನ್ನಾ ಮುಟ್ಟಿತು. ರಾಣಿ ಮರಿಯಾ ಥೆರೆಸಾ ಇಬ್ಬರು ವೈದ್ಯರನ್ನು ಕಳಿಸಿದಳು. ಅವಳ ಆಸ್ಥಾನ ವೈದ್ಯ ಗೆರಾರ್ಡ್ ವಾನ್ ಸ್ವಿಟೆನ್ ಇದೆಲ್ಲ ಅಜ್ಞಾನ ಎಂದು ಖಂಡತುಂಡವಾಗಿ ಬರೆದ. ಅದೇ ವರ್ಷದ ಮಾರ್ಚ್‌ನಲ್ಲಿ ಆಜ್ಞೆ ಹೊರಟಿತು: ಇಂಥ ದೂರುಗಳಲ್ಲಿ ಪಾದ್ರಿಗಳು ತಾವಾಗಿ ಏನೂ ಮಾಡಕೂಡದು, ಅಧಿಕಾರಿಗಳಿಗೆ ತಿಳಿಸಬೇಕು, ವೈದ್ಯರ ಪರೀಕ್ಷೆ ಆಗಬೇಕು.